ಮೂರು ತಿಂಗಳ ಹಿಂದೆ ಟಿಎಂಟಿ ಸರಿಯಿತ್ತು, ಆದರೂ ಹೃದಯಾಘಾತವಾಯಿತು: ರಕ್ತನಾಳದೊಳಗೆ ನಡೆದದ್ದೇನು?

ಮಂಡಿಪೇಟೆ ಓದುಗ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಒಂದು ತಿಂಗಳಿನಿಂದ ಮನಸ್ಸನ್ನು ಕೊರೆಯುತ್ತಿರುವ ಪ್ರಶ್ನೆಯೊಂದನ್ನು ಇಲ್ಲಿ ಇಡುತ್ತಿದ್ದೇನೆ. ನಮ್ಮ ಚಿಕ್ಕಪ್ಪನವರಿಗೆ 52 ವರ್ಷ, ಮಂಡಿಪೇಟೆಯಲ್ಲಿ ದಿನಸಿ ಸಗಟು ವ್ಯಾಪಾರ. ಬೀಡಿ, ಸಿಗರೇಟು, ಕುಡಿತ ಯಾವುದೂ ಇಲ್ಲ. ದಪ್ಪ ಶರೀರವೂ ಅಲ್ಲ, ಹೊಟ್ಟೆ ಮಾತ್ರ ಸ್ವಲ್ಪ ಮುಂದಿದೆ. ಶುಗರ್ ‘ಬಾರ್ಡರ್‌ನಲ್ಲಿದೆ’ ಎಂದು ಎರಡು ವರ್ಷದ ಹಿಂದೆ ಹೇಳಿದ್ದರು, ನಾವು ಅದನ್ನು ಅಲ್ಲಿಗೇ ಬಿಟ್ಟೆವು. ಮೂರು ತಿಂಗಳ ಹಿಂದೆ ಒಂದು ತಪಾಸಣಾ ಶಿಬಿರದಲ್ಲಿ ಇಸಿಜಿ ಮತ್ತು ಟಿಎಂಟಿ (ಯಂತ್ರದ ಮೇಲೆ ನಡೆಸಿ, ಓಡಿಸಿ ಹೃದಯ ನೋಡುವ ಪರೀಕ್ಷೆ) ಮಾಡಿಸಿದ್ದರು, ಎರಡೂ ಸರಿಯಾಗಿದ್ದವು. ಆ ಕಾಗದವನ್ನು ಅಂಗಡಿಯಲ್ಲಿ ಎಲ್ಲರಿಗೂ ತೋರಿಸಿದ್ದರು.

ಕಳೆದ ತಿಂಗಳು ಒಂದು ದಿನ ಬೆಳಿಗ್ಗೆ ಕುಂದುವಾಡ ಕೆರೆಯ ಏರಿಯ ಮೇಲೆ ನಡೆದು ಮನೆಗೆ ಬಂದವರಿಗೆ ಎದೆಯ ನಡುವೆ ಕಲ್ಲು ಹೇರಿದಂತಾಗಿ, ದವಡೆ ಸೆಳೆದು, ಬೆವರು ಕಿತ್ತುಕೊಂಡು ಬಂತು. ಹಿಂದಿನ ರಾತ್ರಿ ಮದುವೆಯ ಊಟ ಮಾಡಿದ್ದರಿಂದ ಗ್ಯಾಸ್ಟ್ರಿಕ್ ಎಂದುಕೊಂಡು ಮೊದಲು ಸೋಡಾ ಕುಡಿದರು. ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಇಸಿಜಿ ತೆಗೆಯದೆಯೇ ಇಂಜೆಕ್ಷನ್ ಕೊಟ್ಟು ಮನೆಗೆ ಕಳುಹಿಸಿದರು. ದೊಡ್ಡ ಆಸ್ಪತ್ರೆ ಮುಟ್ಟುವ ಹೊತ್ತಿಗೆ ನಾಲ್ಕು ಗಂಟೆ ಕಳೆದಿತ್ತು. ಹೃದಯದ ಎಡಭಾಗದ ಮುಂದಿನ ರಕ್ತನಾಳ ಪೂರ್ತಿ ಮುಚ್ಚಿತ್ತೆಂದು ಅದನ್ನು ತೆರೆದಿಡುವ ಸ್ಟೆಂಟ್ ಹಾಕಿದ್ದಾರೆ. ಎಕೋ ಸ್ಕ್ಯಾನ್‌ನಲ್ಲಿ ಹೃದಯದ ಪಂಪಿಂಗ್ ಶೇಕಡ 38 ಬಂದಿದೆ.

ಮನೆಯಲ್ಲಿ ಎಲ್ಲರೂ ‘ನಿನ್ನೆಯವರೆಗೂ ಚೆನ್ನಾಗಿದ್ದರಲ್ಲ’ ಎನ್ನುತ್ತಿದ್ದಾರೆ. ಪೂರ್ತಿ ಮುಚ್ಚುವಷ್ಟು ಬ್ಲಾಕ್ ಮೂರು ತಿಂಗಳಲ್ಲಿ ಬೆಳೆಯಲು ಸಾಧ್ಯವೇ? ಅಥವಾ ಅಂದಿನ ಪರೀಕ್ಷೆಯೇ ತಪ್ಪಾಗಿತ್ತೇ? ತಿಳಿದವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ಚಿತ್ರದುರ್ಗ

ನಿಮ್ಮ ಚಿಕ್ಕಪ್ಪನವರು ಬದುಕಿ ಉಳಿದದ್ದು ಕೇಳಿ ಸಮಾಧಾನವಾಯಿತು. ನಾನು ವೈದ್ಯನಲ್ಲ, ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಪಾಠ ಹೇಳಿದವನು. ಆದರೆ ನಿಮ್ಮ ಪ್ರಶ್ನೆಯ ಬೇರಿನಲ್ಲಿ ಒಂದು ತಪ್ಪು ಚಿತ್ರವಿದೆ, ಅದನ್ನು ನಾವು ಶಿಕ್ಷಕರೇ ಮಕ್ಕಳ ತಲೆಯಲ್ಲಿ ಕೂರಿಸಿದ್ದೇವೆ. ರಕ್ತನಾಳವೆಂದರೆ ನಲ್ಲಿಯ ಪೈಪು, ಕೊಬ್ಬೆಂದರೆ ಪೈಪಿನೊಳಗೆ ಕಟ್ಟುವ ಪಾಚಿ, ಅದು ಬೆಳೆಯುತ್ತಾ ಬೆಳೆಯುತ್ತಾ ಒಂದು ದಿನ ನೀರು ನಿಲ್ಲುತ್ತದೆ ಎಂಬುದು ಆ ಚಿತ್ರ. ಆದರೆ ಕಾಯಿಲೆ ಹುಟ್ಟುವುದು ನಾಳದ ಗೋಡೆಯೊಳಗೆ. ಹಳೆಯ ಮನೆಯ ಗೋಡೆಗೆ ತೇವ ಸೇರಿ ಒಳಗೊಳಗೇ ಗಾರೆ ಉಬ್ಬುವುದನ್ನು ನೋಡಿದ್ದೀರಲ್ಲ, ಹೆಚ್ಚುಕಡಿಮೆ ಹಾಗೆ. ಸುಣ್ಣ ಬಳಿದ ಹೊರಮೈ ನುಣುಪಾಗಿಯೇ ಕಾಣುತ್ತಿರುತ್ತದೆ, ಕೋಣೆಯ ಅಗಲವೂ ಕಡಿಮೆಯಾಗಿರುವುದಿಲ್ಲ.

ಧಮನಿಯ ಒಳಮೈಗೆ ಒಂದೇ ಒಂದು ಕೋಶದಷ್ಟು ದಪ್ಪದ ಪೊರೆಯಿದೆ. ರಕ್ತ ನೇರವಾಗಿ, ಸರಾಗವಾಗಿ ಹರಿಯುವಲ್ಲಿ ಆ ಪೊರೆ ಆರೋಗ್ಯವಾಗಿರುತ್ತದೆ. ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಸ್ರವಿಸಿ ನಾಳವನ್ನು ಸಡಿಲವಾಗಿಡುತ್ತದೆ; ಇದನ್ನು ತೋರಿಸಿಕೊಟ್ಟ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ನಾಳ ಕವಲೊಡೆಯುವಲ್ಲಿ ಮತ್ತು ತಿರುಗುವಲ್ಲಿ ಹರಿವು ಸುಳಿಯಾಗುತ್ತದೆ. ಭದ್ರಾ ನಾಲೆಯ ತೂಬಿನ ಬಳಿ, ಉಪನಾಲೆ ಬೇರೆಯಾಗುವ ಜಾಗದಲ್ಲಿ ನೀರು ಮಡುಗಟ್ಟಿ ತಿರುಗುವುದನ್ನು ದಾವಣಗೆರೆಯವರಿಗೆ ವಿವರಿಸಬೇಕಾಗಿಲ್ಲ. ಅಂಥ ಜಾಗಗಳಲ್ಲೇ ಪೊರೆ ಸೋಲುತ್ತದೆ. ರಕ್ತದಲ್ಲಿ ಕೊಲೆಸ್ಟ್ರಾಲನ್ನು ಹೊತ್ತು ತಿರುಗುವ ಎಲ್‌ಡಿಎಲ್ ಕಣಗಳು ಅಲ್ಲಿ ಪೊರೆಯನ್ನು ದಾಟಿ ಗೋಡೆಯೊಳಗೆ ಸೇರಿ, ಅಲ್ಲಿನ ಅಂಟುಪದಾರ್ಥಕ್ಕೆ ಸಿಕ್ಕಿಕೊಂಡು, ಕಾಲಕ್ರಮೇಣ ಆಕ್ಸಿಡೀಕರಣಗೊಂಡು ಕೆಡುತ್ತವೆ. ಕೆಟ್ಟ ಕಣಗಳನ್ನು ದೇಹ ಶತ್ರುವೆಂದು ತಿಳಿಯುತ್ತದೆ. ಬಿಳಿ ರಕ್ತಕಣಗಳು ಗೋಡೆಯೊಳಗೆ ನುಗ್ಗಿ ಅವುಗಳನ್ನು ನುಂಗುತ್ತವೆ, ಆದರೆ ಜೀರ್ಣಿಸಿಕೊಳ್ಳಲಾರದೆ ಹೊಟ್ಟೆ ಉಬ್ಬಿಸಿಕೊಂಡು ನೊರೆಯಂತೆ ಕಾಣುವ ಕೋಶಗಳಾಗಿ ಅಲ್ಲೇ ಸಾಯುತ್ತವೆ. ಸತ್ತ ಕೋಶಗಳ ಮೆತ್ತನೆಯ ತಿರುಳಿನ ಸುತ್ತ, ಗೋಡೆಯ ಮಧ್ಯಪದರದಿಂದ ವಲಸೆ ಬಂದ ಸ್ನಾಯುಕೋಶಗಳು ನಾರು ಹೆಣೆದು ಒಂದು ಮುಚ್ಚಳ ಕಟ್ಟುತ್ತವೆ. ಒಳಗೆ ಗಂಜಿಯಂಥ ತಿರುಳು, ಮೇಲೆ ನಾರಿನ ಹೊದಿಕೆ: ವೈದ್ಯರು ಪ್ಲಾಕ್ ಎನ್ನುವುದು ಇದನ್ನೇ.

ಇದಕ್ಕೆ ಮೂರು ತಿಂಗಳು ಸಾಲದು, ಮೂವತ್ತು ವರ್ಷ ಬೇಕು. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಪರೀಕ್ಷಿಸಿದ ವರದಿ 1953ರಲ್ಲಿ ಪ್ರಕಟವಾಯಿತು. ಅವರ ಸರಾಸರಿ ವಯಸ್ಸು 22; ಶೇಕಡ 77ರಷ್ಟು ಮಂದಿಯ ಹೃದಯದ ಧಮನಿಗಳಲ್ಲಿ ಕಾಯಿಲೆಯ ಗುರುತು ಬರಿಗಣ್ಣಿಗೇ ಕಾಣುತ್ತಿತ್ತು. ಓಡುವ, ಜಿಗಿಯುವ, ಬಂದೂಕು ಹೊತ್ತು ಬೆಟ್ಟ ಹತ್ತುವ ಹುಡುಗರು ಅವರು. ಈ ವಿಷಯವನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಒಂದು ಕ್ಷಣ ಮೌನ ಆವರಿಸುತ್ತಿತ್ತು.

ಇನ್ನೊಂದು ಸಂಗತಿ ನಿಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುತ್ತದೆ. ಪ್ಲಾಕ್ ಬೆಳೆದಂತೆ ಧಮನಿ ಹೊರಮುಖವಾಗಿ ಹಿಗ್ಗಿಕೊಂಡು, ರಕ್ತ ಹರಿಯುವ ಒಳಜಾಗವನ್ನು ಬಹುಕಾಲ ಮೊದಲಿನಷ್ಟೇ ಉಳಿಸಿಕೊಳ್ಳುತ್ತದೆ. ನಾಳದ ಅಡ್ಡಕೊಯ್ತದಲ್ಲಿ ಪ್ಲಾಕ್ ಸುಮಾರು ಶೇಕಡ 40ರಷ್ಟು ಜಾಗವನ್ನು ಆಕ್ರಮಿಸುವವರೆಗೂ ಹರಿವಿನ ದಾರಿ ಕಿರಿದಾಗುವುದಿಲ್ಲವೆಂದು ಗ್ಲಾಗೊವ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು. ಅಂದರೆ ನಿಮ್ಮ ಚಿಕ್ಕಪ್ಪನವರು ಟಿಎಂಟಿ ಯಂತ್ರದ ಮೇಲೆ ಓಡುವಾಗ ಹೃದಯಕ್ಕೆ ಬೇಕಾದಷ್ಟು ರಕ್ತ ಸಿಕ್ಕಿರಬಹುದು, ಅದೇ ಹೊತ್ತಿನಲ್ಲಿ ಗೋಡೆಯೊಳಗೆ ಪ್ಲಾಕ್ ಇದ್ದೂ ಇರಬಹುದು. ‘ನಿನ್ನೆಯವರೆಗೂ ಚೆನ್ನಾಗಿದ್ದರು’ ಎಂಬ ಮಾತಿಗೆ ‘ನಿನ್ನೆಯವರೆಗೂ ತಿಳಿದಿರಲಿಲ್ಲ’ ಎಂದಷ್ಟೇ ಅರ್ಥ.

ವೈದ್ಯೆ, ದಾವಣಗೆರೆ

ಉಪನ್ಯಾಸಕರು ಬರೆದದ್ದು ಸರಿಯಾಗಿದೆ. ಚಿಕಿತ್ಸೆಯ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ.

ಟಿಎಂಟಿ ಪರೀಕ್ಷೆ ಕೇಳುವ ಪ್ರಶ್ನೆ ಒಂದೇ: ಶ್ರಮ ಪಟ್ಟಾಗ ಹೃದಯದ ಸ್ನಾಯುವಿಗೆ ರಕ್ತದ ಕೊರತೆಯಾಗುತ್ತದೆಯೇ? ಹಾಗೆ ಕೊರತೆಯಾಗಬೇಕಾದರೆ ನಾಳ ಸಾಮಾನ್ಯವಾಗಿ ಶೇಕಡ 70ರಷ್ಟಾದರೂ ಕಿರಿದಾಗಿರಬೇಕು. ಅದಕ್ಕಿಂತ ಕಡಿಮೆಯ ಪ್ಲಾಕ್ ಇದ್ದವರ ಟಿಎಂಟಿ ಸರಿಯಾಗಿಯೇ ಬರುತ್ತದೆ. ಆದ್ದರಿಂದ ಪರೀಕ್ಷೆ ತಪ್ಪಾಗಿತ್ತೆಂದು ಹೇಳಲಾಗದು. ಅದರಿಂದ ನಾವು ನಿರೀಕ್ಷಿಸಿದ ಭರವಸೆ ದೊಡ್ಡದಾಗಿತ್ತು. ನಾಳಕ್ಕೆ ದ್ರವ ಬಿಟ್ಟು ತೆಗೆಯುವ ಎಕ್ಸ್‌ರೇ ಚಿತ್ರವಾದ ಆಂಜಿಯೋಗ್ರಾಂ ಕೂಡ ನಾಳದ ಒಳಜಾಗದ ನೆರಳನ್ನು ತೋರಿಸುತ್ತದೆಯೇ ಹೊರತು ಗೋಡೆಯನ್ನಲ್ಲ.

ಆ ದಿನ ಬೆಳಿಗ್ಗೆ ನಡೆದದ್ದು ಬಹುಶಃ ಹೀಗಿರಬೇಕು. ತಿರುಳಿನ ಮೇಲಿನ ನಾರಿನ ಮುಚ್ಚಳವನ್ನು ಒಳಗಿನ ಉರಿಯೂತ ದಿನದಿನಕ್ಕೆ ಸವೆಸುತ್ತಿರುತ್ತದೆ. ಮುಚ್ಚಳ ತೆಳುವಾದಲ್ಲಿ ಒಮ್ಮೆ ಹರಿದರೆ ಒಳಗಿನ ತಿರುಳು ರಕ್ತಕ್ಕೆ ತಾಗುತ್ತದೆ. ಗಾಯವಾಗಿದೆ ಎಂದು ತಿಳಿದ ರಕ್ತ, ಬೆರಳು ಕೊಯ್ದಾಗ ಹೆಪ್ಪುಗಟ್ಟುವಂತೆ ಅಲ್ಲಿಯೂ ಹೆಪ್ಪುಗಟ್ಟುತ್ತದೆ. ಬೆರಳಲ್ಲಿ ಪ್ರಾಣ ಉಳಿಸುವ ಗುಣವೇ ಮೂರು ಮಿಲಿಮೀಟರ್ ಅಗಲದ ನಾಳದಲ್ಲಿ ಪ್ರಾಣ ತೆಗೆಯುತ್ತದೆ. ಪ್ಲಾಕ್ ಬೆಳೆಯಲು ದಶಕಗಳು ಬೇಕಾದರೆ ಹೆಪ್ಪುಗಟ್ಟಲು ನಿಮಿಷಗಳು ಸಾಕು. ಮುಂಜಾವಿನಲ್ಲಿ ರಕ್ತದೊತ್ತಡವೂ ಹೆಪ್ಪುಗಟ್ಟುವ ಗುಣವೂ ಏರುವುದರಿಂದ ಹೃದಯಾಘಾತಗಳು ಆ ವೇಳೆಯಲ್ಲಿ ಹೆಚ್ಚು. ಕೆಲವರಲ್ಲಿ, ವಿಶೇಷವಾಗಿ ಧೂಮಪಾನಿಗಳಲ್ಲಿ, ಮುಚ್ಚಳ ಹರಿಯದೆಯೂ ಮೇಲಿನ ಪೊರೆ ಮಾತ್ರ ಕಿತ್ತು ಹೆಪ್ಪು ಕೂರುವುದುಂಟು.

ಒಂದು ತಿದ್ದುಪಡಿ ಅಗತ್ಯ, ಇಲ್ಲವಾದರೆ ಓದಿದವರು ದಾರಿ ತಪ್ಪಬಹುದು. ಸಣ್ಣ ಪ್ಲಾಕ್ ದೊಡ್ಡದಕ್ಕಿಂತ ಅಪಾಯಕಾರಿ ಎಂದು ಯಾರೂ ತಿಳಿಯಬಾರದು. ಒಂದೊಂದಾಗಿ ನೋಡಿದರೆ ಹೆಚ್ಚು ಕಿರಿದಾದ ಜಾಗವೇ ಹೆಚ್ಚು ಅಪಾಯದ್ದು. ಆದರೆ ಒಬ್ಬ ಮನುಷ್ಯನ ನಾಳಗಳಲ್ಲಿ ಸಣ್ಣ, ಮಧ್ಯಮ ಪ್ಲಾಕ್‌ಗಳ ಸಂಖ್ಯೆ ಬಹಳ ದೊಡ್ಡದು, ಆದ್ದರಿಂದಲೇ ಅನೇಕ ಹೃದಯಾಘಾತಗಳು ಅವುಗಳಿಂದ ಆಗುತ್ತವೆ.

ನಾಳ ಮುಚ್ಚಿದ ಸುಮಾರು 20 ನಿಮಿಷದ ಬಳಿಕ ಸ್ನಾಯುಕೋಶಗಳು ಸಾಯಲು ಆರಂಭಿಸುತ್ತವೆ. ಸಾವು ಹೃದಯದ ಗೋಡೆಯ ಒಳಮೈಯಿಂದ ಶುರುವಾಗಿ ಗಂಟೆಗಳು ಕಳೆದಂತೆ ಹೊರಮೈಗೆ ಹಬ್ಬುತ್ತದೆ. ಸತ್ತ ಜಾಗದಲ್ಲಿ ಹೊಸ ಸ್ನಾಯು ಹುಟ್ಟುವುದಿಲ್ಲ, ಗಾಯದ ಕಲೆ ಉಳಿಯುತ್ತದೆ. ಪಂಪಿಂಗ್ ಸಾಮಾನ್ಯವಾಗಿ ಶೇಕಡ 55ರ ಮೇಲಿರಬೇಕು. ನಿಮ್ಮ ಚಿಕ್ಕಪ್ಪನವರದು 38ಕ್ಕೆ ಇಳಿದಿರುವುದಕ್ಕೆ ಆ ನಾಲ್ಕು ಗಂಟೆಗಳ ಪಾಲು ಇದೆ. ಅದರಲ್ಲಿ ಒಂದಂಶ ಮರಳಿ ಬರಬಹುದು, ಏಕೆಂದರೆ ಸಾಯದೆ ಮಂಕಾಗಿರುವ ಸ್ನಾಯು ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ.

ಎದೆಯ ನಡುವಿನ ಒತ್ತಡ, ಬೆವರು, ದವಡೆಗೋ ಎಡಗೈಗೋ ಹರಡುವ ನೋವು ಇದ್ದವರಿಗೆ ಇಸಿಜಿ ನೋಡದೆ ಗ್ಯಾಸ್ಟ್ರಿಕ್ ಎಂದು ಹೇಳುವ ಹಕ್ಕು ನಮ್ಮ ವೃತ್ತಿಯಲ್ಲಿ ಯಾರಿಗೂ ಇಲ್ಲ. ಇದನ್ನು ನೋವಿನಿಂದಲೇ ಬರೆಯುತ್ತಿದ್ದೇನೆ. ಮೊದಲ ಇಸಿಜಿ ಸರಿಯಾಗಿದ್ದರೂ ನೋವು ಉಳಿದಿದ್ದರೆ ಮತ್ತೆ ಇಸಿಜಿ ತೆಗೆಯಬೇಕು, ಹೃದಯದ ಸ್ನಾಯುವಿಗೆ ಪೆಟ್ಟಾದುದನ್ನು ತೋರಿಸುವ ಟ್ರೋಪೋನಿನ್ ರಕ್ತಪರೀಕ್ಷೆಯನ್ನು ಕೆಲವು ಗಂಟೆಗಳ ಅಂತರದಲ್ಲಿ ಮತ್ತೊಮ್ಮೆ ಮಾಡಬೇಕು.

ಅಡಿಕೆ ಬೆಳೆಗಾರ, ಚನ್ನಗಿರಿ

ಮೇಡಂ, ಉಪನ್ಯಾಸಕರೇ, ಇಬ್ಬರಿಗೂ ಧನ್ಯವಾದ. ನನ್ನ ವಯಸ್ಸು 47. ಮೊದಲು ದಿನಕ್ಕೆ ಒಂದು ಕಟ್ಟು ಬೀಡಿ ಸೇದುತ್ತಿದ್ದೆ, ಈಗ ಎರಡೇ ಬೀಡಿಗೆ ಇಳಿಸಿದ್ದೇನೆ. ಎರಡರಿಂದ ಅಂಥ ತೊಂದರೆಯೇನೂ ಇಲ್ಲವೆಂದು ನಂಬಿದ್ದೇನೆ, ಸರಿಯೇ? ದಾವಣಗೆರೆಗೆ ಬಂದಾಗಲೆಲ್ಲ ಬೆಣ್ಣೆ ದೋಸೆ ತಿನ್ನದೆ ಹಿಂದಿರುಗುವುದಿಲ್ಲ, ಅದನ್ನೂ ಬಿಡಬೇಕೇ? ನಮ್ಮ ತಂದೆ ಎಮ್ಮೆಯ ತುಪ್ಪ ತಿಂದೇ 84 ವರ್ಷ ಬದುಕಿದರು.

ವೈದ್ಯೆ, ದಾವಣಗೆರೆ

ಬೀಡಿಯ ವಿಷಯದಲ್ಲಿ ನೇರವಾಗಿ ಹೇಳಬೇಕಾಗಿದೆ, ಬೇಸರ ಮಾಡಿಕೊಳ್ಳಬೇಡಿ. ಹೃದಯಕ್ಕೆ ಸಂಬಂಧಿಸಿದಂತೆ ಧೂಮಪಾನದ ಅಪಾಯ ಲೆಕ್ಕಕ್ಕೆ ಸರಿಯಾಗಿ ಇಳಿಯುವುದಿಲ್ಲ. ದಿನಕ್ಕೆ 20 ಸಿಗರೇಟು ಸೇದುವವರ ಹೆಚ್ಚುವರಿ ಅಪಾಯದ ಅರ್ಧದ ಹತ್ತಿರ ಹತ್ತಿರ ದಿನಕ್ಕೆ ಒಂದೇ ಸೇದುವವರಿಗೂ ಇರುವುದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ನಡೆಸಿದ ವಿಶ್ಲೇಷಣೆಯಲ್ಲಿ ಕಂಡುಬಂದಿದೆ. ಹೊಗೆ ಒಳಪೊರೆಯನ್ನು ಕೆಡಿಸಿ ರಕ್ತವನ್ನು ಹೆಪ್ಪುಗಟ್ಟಲು ಸಿದ್ಧವಾಗಿಡುತ್ತದೆ, ಅದಕ್ಕೆ ಸ್ವಲ್ಪ ಹೊಗೆಯೂ ಸಾಕು. ಒಂದು ಕಟ್ಟಿನಿಂದ ಎರಡಕ್ಕೆ ಇಳಿಸಿದ ಮನೋಬಲ ನಿಮ್ಮಲ್ಲಿದೆ, ಉಳಿದ ಎರಡನ್ನೂ ಬಿಡಿ. ಗುಟ್ಕಾ, ತಂಬಾಕಿನ ಪುಡಿಗಳಿಗೆ ಬದಲಾಯಿಸಿಕೊಳ್ಳಬೇಡಿ. ಮನೆಯಲ್ಲಿ ಸೌದೆ ಒಲೆಯ ಮುಂದೆ ಕೂರುವವರಿಗೂ, ಮಂಡಕ್ಕಿ ಭಟ್ಟಿಗಳಲ್ಲಿ ದಿನವಿಡೀ ಹೊಗೆಯ ನಡುವೆ ದುಡಿಯುವವರಿಗೂ ಇದೇ ತೊಂದರೆಯ ಒಂದು ಪಾಲು ಬರುತ್ತದೆ, ಅವರಾಗಿಯೇ ಬಯಸದೆ.

ತಿಂಗಳಿಗೊಮ್ಮೆ ತಿನ್ನುವ ಬೆಣ್ಣೆ ದೋಸೆಯ ಬಗ್ಗೆ ನನಗೆ ಚಿಂತೆಯಿಲ್ಲ. ಯಕೃತ್ತಿನ ಕೋಶಗಳ ಮೇಲೆ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳಿವೆ. ಬೆಣ್ಣೆ, ತುಪ್ಪ, ಪಾಮ್ ಎಣ್ಣೆಗಳ ಕೊಬ್ಬು ದಿನವೂ ಹೆಚ್ಚಾಗಿ ಸೇರಿದರೆ ಆ ಗ್ರಾಹಕಗಳ ಕೆಲಸ ಕುಗ್ಗಿ ಕಣಗಳು ರಕ್ತದಲ್ಲೇ ಉಳಿಯುತ್ತವೆ. ದಿನನಿತ್ಯದ ಅಡುಗೆಯಲ್ಲಿ ಏನಿದೆ ಎಂಬುದೇ ಮುಖ್ಯ. ಅದಕ್ಕಿಂತ ಹೆಚ್ಚು ನನ್ನನ್ನು ಕಾಡುವುದು ನಮ್ಮ ಭಾಗದ ಉಪ್ಪು: ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಿರ್ಚಿ, ಖಾರಾ ಮಂಡಕ್ಕಿ ಎಲ್ಲ ಸೇರಿದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಎಂಬ ಮಿತಿಯನ್ನು ಮಧ್ಯಾಹ್ನದೊಳಗೇ ದಾಟಿಬಿಡಬಹುದು. ಏರಿದ ರಕ್ತದೊತ್ತಡ ನಾಳದ ಗೋಡೆಯನ್ನು ಬಡಿದು ಬಡಿದು ದಪ್ಪಗಾಗಿಸುತ್ತದೆ, ಕಣಗಳು ಒಳನುಗ್ಗುವುದನ್ನೂ ಸುಲಭಗೊಳಿಸುತ್ತದೆ. ನಿಮ್ಮ ತಂದೆಯವರು ತುಪ್ಪದ ಜೊತೆಗೆ ದಿನಕ್ಕೆ ಎಷ್ಟು ಮೈಲಿ ನಡೆಯುತ್ತಿದ್ದರು, ಎಷ್ಟು ತೂಕವಿದ್ದರು ಎಂಬುದನ್ನೂ ನೆನಪಿಸಿಕೊಳ್ಳಿ.

ಸಂದೇಹವುಳ್ಳವ, ಹರಿಹರ

ಕ್ಷಮಿಸಿ, ಆದರೆ ಕೊಲೆಸ್ಟ್ರಾಲಿನ ಕಥೆಯೇ ಔಷಧ ಕಂಪನಿಗಳು ಹುಟ್ಟುಹಾಕಿದ್ದು ಎಂದು ಹಲವು ವಿಡಿಯೊಗಳಲ್ಲಿ ಕೇಳಿದ್ದೇನೆ. ಕೊಲೆಸ್ಟ್ರಾಲ್ ಸರಿಯಿದ್ದವರಿಗೂ ಹೃದಯಾಘಾತವಾಗುತ್ತದೆ. ಮೆದುಳಿಗೆ, ಹಾರ್ಮೋನಿಗೆ ಕೊಲೆಸ್ಟ್ರಾಲ್ ಬೇಕೇ ಬೇಕು. ಇದಕ್ಕೆ ಉತ್ತರ ಸಿಕ್ಕರೆ ಒಳ್ಳೆಯದು. ವಾದಕ್ಕಾಗಿ ಕೇಳುತ್ತಿಲ್ಲ, ನನ್ನ ತಾಯಿ ಕೊಲೆಸ್ಟ್ರಾಲಿನ ಮಾತ್ರೆ ನಿಲ್ಲಿಸಿದ್ದಾರೆ.

ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ಚಿತ್ರದುರ್ಗ

ಪ್ರಾಮಾಣಿಕವಾಗಿ ಕೇಳಿದ್ದೀರಿ, ಉತ್ತರವೂ ಹಾಗೆಯೇ ಇರಬೇಕು. ದೇಹಕ್ಕೆ ಕೊಲೆಸ್ಟ್ರಾಲ್ ಬೇಕು ಎಂಬುದು ನಿಜ. ಆದರೆ ಅದನ್ನು ದೇಹದ ಕೋಶಗಳು ತಾವೇ ತಯಾರಿಸಿಕೊಳ್ಳಬಲ್ಲವು, ರಕ್ತದಲ್ಲಿ ಎಲ್‌ಡಿಎಲ್ ತುಂಬಿ ಹರಿಯಬೇಕಾಗಿಲ್ಲ. ಕಂಪನಿಗಳ ವಿಷಯಕ್ಕೆ ಬಂದರೆ, ಕೊಲೆಸ್ಟ್ರಾಲ್ ಇಳಿಸುವ ಮೊದಲ ಸ್ಟ್ಯಾಟಿನ್ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1987ರಲ್ಲಿ. ಮೊಲಗಳಿಗೆ ಕೊಲೆಸ್ಟ್ರಾಲ್ ತಿನ್ನಿಸಿ ಅವುಗಳ ಧಮನಿಗಳಲ್ಲಿ ಇದೇ ಬಗೆಯ ಕಾಯಿಲೆ ಬರುವುದನ್ನು ರಷ್ಯಾದ ಅನಿಚ್ಕೋವ್ ತೋರಿಸಿದ್ದು 1913ರಲ್ಲಿ. ಅಮೆರಿಕದ ಫ್ರೇಮಿಂಗ್‌ಹ್ಯಾಂ ಊರಿನ 5,209 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ಯಾರಿಗೆ ಹೃದಯರೋಗ ಬರುತ್ತದೆಂದು ಬರೆದಿಡುವ ಅಧ್ಯಯನ ಆರಂಭವಾದದ್ದು 1948ರಲ್ಲಿ. ಮಾತ್ರೆ ಬಂದದ್ದು ಇವೆಲ್ಲದರ ನಂತರ.

ನನಗೆ ಅತ್ಯಂತ ಬಲವಾಗಿ ಕಾಣುವ ಸಾಕ್ಷ್ಯ ಬೇರೆಯೇ ಇದೆ, ಅದನ್ನು ಪ್ರಕೃತಿಯೇ ಒದಗಿಸಿದೆ. ಎಲ್‌ಡಿಎಲ್ ಗ್ರಾಹಕದ ಜೀನ್ ತಾಯಿ, ತಂದೆ ಎರಡೂ ಕಡೆಯಿಂದ ಕೆಟ್ಟು ಹುಟ್ಟುವ ಮಕ್ಕಳಿದ್ದಾರೆ, ಬಹಳ ಅಪರೂಪ. ಅವರಿಗೆ ಶುಗರ್ ಇಲ್ಲ, ಬಿ.ಪಿ. ಇಲ್ಲ, ಬೀಡಿ ಇಲ್ಲ. ಆದರೂ ಚಿಕಿತ್ಸೆಯಿಲ್ಲದಿದ್ದರೆ ಬಾಲ್ಯದಲ್ಲೋ ಹದಿಹರೆಯದಲ್ಲೋ ಹೃದಯಾಘಾತವಾಗುತ್ತದೆ. ಇಂಥ ರೋಗಿಗಳ ಕೋಶಗಳನ್ನು ಅಭ್ಯಾಸ ಮಾಡಿಯೇ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ 1985ರ ನೊಬೆಲ್ ಪಡೆದರು. ಇದಕ್ಕೆ ತದ್ವಿರುದ್ಧವಾಗಿ, ಪಿಸಿಎಸ್‌ಕೆ9 ಎಂಬ ಜೀನ್ ಕೆಲಸ ಮಾಡದೆ ಹುಟ್ಟಿನಿಂದಲೇ ಎಲ್‌ಡಿಎಲ್ ಕಡಿಮೆಯಿರುವ ಜನರೂ ಇದ್ದಾರೆ. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥ ಆಫ್ರಿಕನ್ ಅಮೆರಿಕನ್ನರ ಎಲ್‌ಡಿಎಲ್ ಶೇಕಡ 28ರಷ್ಟು ಮಾತ್ರ ಕಡಿಮೆಯಿತ್ತು, ಹೃದಯದ ಧಮನಿಯ ಕಾಯಿಲೆಯಾದರೋ ಶೇಕಡ 88ರಷ್ಟು ಕಡಿಮೆ. ಇಳಿಕೆ ಅಷ್ಟೇನೂ ದೊಡ್ಡದಲ್ಲ, ಆದರೆ ಹುಟ್ಟಿನಿಂದ ಇತ್ತು. ಗೋಡೆಗೆ ಎಷ್ಟು ವರ್ಷ ಎಷ್ಟು ತೇವ ತಾಗಿತು ಎಂಬ ಒಟ್ಟು ಲೆಕ್ಕವೇ ಇಲ್ಲಿ ಮಾತನಾಡುತ್ತಿದೆ.

‘ಕೊಲೆಸ್ಟ್ರಾಲ್ ಸರಿಯಿದ್ದವರಿಗೂ ಆಗುತ್ತದೆ’ ಎಂಬುದೂ ನಿಜವೇ. ಪ್ರಯೋಗಾಲಯದ ಕಾಗದದ ಮೇಲೆ ‘ಸರಿ’ ಎಂದಿರುವ ಅಂಕಿ ಸಕ್ಕರೆ ಕಾಯಿಲೆಯವರಿಗೆ, ಧೂಮಪಾನಿಗಳಿಗೆ ಸರಿಯಲ್ಲದೆ ಇರಬಹುದು. ನಮ್ಮ ಜನರಲ್ಲಿ ರಕ್ತದ ಇನ್ನೊಂದು ಕೊಬ್ಬಾದ ಟ್ರೈಗ್ಲಿಸರೈಡ್ ಹೆಚ್ಚಾಗಿ, ‘ಒಳ್ಳೆಯ’ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಕಡಿಮೆಯಾಗಿ, ಎಲ್‌ಡಿಎಲ್ ಸಣ್ಣ ಕಣಗಳಾಗಿ ಸಂಖ್ಯೆಯಲ್ಲಿ ಹೆಚ್ಚಿರುವುದು ಸಾಮಾನ್ಯ. ಸೊಂಟಕ್ಕಿಂತ ಹೊಟ್ಟೆ ಮುಂದಿರುವ ಶರೀರದ ಲಕ್ಷಣವೇ ಇದು. ಅಂಥಲ್ಲಿ ಒಟ್ಟು ಕೊಲೆಸ್ಟ್ರಾಲ್ ನೋಡಿ ಸಮಾಧಾನಪಟ್ಟುಕೊಂಡರೆ ಮೋಸ ಹೋಗುತ್ತೇವೆ. ದಯವಿಟ್ಟು ನಿಮ್ಮ ತಾಯಿಯವರನ್ನು ಅವರ ವೈದ್ಯರ ಬಳಿ ಮತ್ತೆ ಕರೆದುಕೊಂಡು ಹೋಗಿ.

ಶುಶ್ರೂಷಕಿ, ಹೊಸದುರ್ಗ

ಇಲ್ಲಿಯವರೆಗೆ ಗಂಡಸರ ಹೃದಯದ ಮಾತೇ ಹೆಚ್ಚಾಗಿದೆ, ಆದ್ದರಿಂದ ಬರೆಯುತ್ತಿದ್ದೇನೆ. ನನ್ನ ಅತ್ತೆಯವರಿಗೆ 61 ವರ್ಷ, ಹದಿನೈದು ವರ್ಷದಿಂದ ಶುಗರ್. ಒಂದು ದಿನ ರೊಟ್ಟಿ ಬಡಿಯುತ್ತಿದ್ದವರು ‘ಸುಸ್ತಾಗುತ್ತಿದೆ, ಬೆನ್ನು ಹಿಡಿದಂತಿದೆ, ವಾಕರಿಕೆ’ ಎಂದು ಕುಳಿತರು. ಎದೆನೋವು ಇರಲಿಲ್ಲ. ನಾನು ಆ ಹೊತ್ತು ಡ್ಯೂಟಿಯಲ್ಲಿದ್ದೆ. ಮನೆಯವರು ನಿಂಬೆ ಪಾನಕ ಕೊಟ್ಟು ಮಲಗಿಸಿದರು. ಮರುದಿನ ಮುಖ ಬಿಳಿಚಿಕೊಂಡಿದ್ದನ್ನು ನೋಡಿ ಒತ್ತಾಯದಿಂದ ಇಸಿಜಿ ಮಾಡಿಸಿದೆ, ಹೃದಯಾಘಾತವಾಗಿ ಒಂದು ದಿನ ಕಳೆದಿತ್ತು. ಬಹುಕಾಲದ ಸಕ್ಕರೆ ಕಾಯಿಲೆ ನರಗಳನ್ನು ಕೆಡಿಸಿ ನೋವಿನ ಸುದ್ದಿಯೇ ಮೆದುಳಿಗೆ ತಲುಪದಂತೆ ಮಾಡುತ್ತದೆ ಎಂದು ನನಗೆ ಪಾಠದಲ್ಲಿ ಗೊತ್ತಿತ್ತು, ನನ್ನ ಮನೆಯವರಿಗೆ ಹೇಳಿಕೊಟ್ಟಿರಲಿಲ್ಲ.

ಹೆಂಗಸರಲ್ಲೂ ಎದೆಯ ಒತ್ತಡವೇ ಮುಖ್ಯ ಲಕ್ಷಣ, ಆದರೆ ಉಸಿರುಗಟ್ಟುವುದು, ವಿಪರೀತ ದಣಿವು, ವಾಕರಿಕೆ, ಬೆನ್ನು ಅಥವಾ ದವಡೆಯ ನೋವು ಅವರಲ್ಲಿ ಹೆಚ್ಚಾಗಿ ಜೊತೆಗೂಡುತ್ತವೆ. ಮುಟ್ಟು ನಿಂತ ಮೇಲೆ ಎಲ್‌ಡಿಎಲ್ ಮತ್ತು ರಕ್ತದೊತ್ತಡ ಎರಡೂ ಏರುತ್ತವೆ. ಬಸುರಿಯಲ್ಲಿ ಬಿ.ಪಿ. ಏರಿ ತೊಂದರೆಯಾದವರಿಗೆ, ಆಗ ಸಕ್ಕರೆ ಕಾಣಿಸಿಕೊಂಡವರಿಗೆ ಮುಂದೆ ಹೃದಯರೋಗದ ಅಪಾಯ ಹೆಚ್ಚು. ಹೆರಿಗೆಯಾದ ಮೇಲೆ ನಾವು ಮಗುವಿನ ಲಸಿಕೆಯ ಕಾರ್ಡನ್ನು ಜೋಪಾನ ಮಾಡುತ್ತೇವೆ, ತಾಯಿಯ ಬಿ.ಪಿ.ಯನ್ನು ಮತ್ತೆ ಅಳೆಯುವವರೇ ಇರುವುದಿಲ್ಲ.

ತಾಲ್ಲೂಕಿನಲ್ಲಿರುವವರಿಗೆ ಇನ್ನೊಂದು ಮಾತು. ನೇರವಾಗಿ ದೊಡ್ಡ ಊರಿಗೇ ಹೋಗೋಣವೆಂದು ಕಾರಿಗಾಗಿ ಕಾಯುವುದು ಒಳ್ಳೆಯದಲ್ಲ. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಹೃದ್ರೋಗ ಕೇಂದ್ರದ ತಜ್ಞರು ದೂರದಿಂದಲೇ ನೋಡಿ ಹೇಳುವ ಮತ್ತು ಅಗತ್ಯವಿದ್ದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಲಾಗಿದೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಇದು ಇದೆಯೇ ಎಂದು ಆರೋಗ್ಯವಾಗಿರುವಾಗಲೇ ಹೋಗಿ ವಿಚಾರಿಸಿಟ್ಟುಕೊಳ್ಳಿ. ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ (ಬಲೂನು, ಸ್ಟೆಂಟ್ ಬಳಸಿ ನಾಳ ತೆರೆಯುವುದು) ಆಗುವಂತಿಲ್ಲದಿದ್ದರೆ ಮೊದಲು ಇಂಜೆಕ್ಷನ್, ಆಮೇಲೆ 108ರಲ್ಲಿ ಮುಂದಿನ ಪ್ರಯಾಣ. ಇಂಜೆಕ್ಷನ್ ಮೊದಲ ಮೂರು ಗಂಟೆಗಳಲ್ಲಿ ಹೆಚ್ಚು ಫಲ ಕೊಡುತ್ತದೆ, 12 ಗಂಟೆ ದಾಟಿದರೆ ಅದರಿಂದ ಪ್ರಯೋಜನ ಬಹಳ ಕಡಿಮೆ.

ಒಬ್ಬ ತಂದೆ, ಜಗಳೂರು

ನನ್ನ ಮಗಳಿಗೆ 14 ವರ್ಷ, ‘ವಾಲ್ವ್ ಹಾಳಾಗಿದೆ’ ಎಂದಿದ್ದಾರೆ. ಪ್ರತಿ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಕೊಡಿಸುತ್ತಿದ್ದೇವೆ. ಇದೂ ಕೊಬ್ಬಿನಿಂದಲೇ ಬಂದದ್ದೇ? ಅವಳಿಗೆ ಎಣ್ಣೆ, ಬೆಣ್ಣೆ ನಿಲ್ಲಿಸಿದ್ದೇವೆ.

ವೈದ್ಯೆ, ದಾವಣಗೆರೆ

ಇಲ್ಲ ಸರ್, ಅದು ಬೇರೆ ಕಾಯಿಲೆ. ಗಂಟಲಿನ ಒಂದು ಬಗೆಯ ಸೋಂಕಿನ ನಂತರ ದೇಹದ ರಕ್ಷಣಾ ವ್ಯವಸ್ಥೆ ತಪ್ಪಾಗಿ ತನ್ನದೇ ಹೃದಯದ ಕವಾಟಗಳ ಮೇಲೆ ತಿರುಗಿಬೀಳುವುದರಿಂದ ಬರುವಂಥದ್ದು, ರುಮ್ಯಾಟಿಕ್ ಹೃದಯರೋಗವೆನ್ನುತ್ತಾರೆ. ಬೆಳೆಯುವ ಮಗಳಿಗೆ ಊಟ ಕಡಿಮೆ ಮಾಡಬೇಡಿ, ಆ ಇಂಜೆಕ್ಷನ್ ಒಂದು ಸಲವೂ ತಪ್ಪಿಸಬೇಡಿ.

ಮಂಡಿಪೇಟೆ ಓದುಗ, ದಾವಣಗೆರೆ

ಎಲ್ಲರಿಗೂ ಕೃತಜ್ಞತೆಗಳು. ಈ ಬರಹಗಳನ್ನೆಲ್ಲ ಮನೆಯಲ್ಲಿ ಓದಿ ಹೇಳಿದೆ. ಓದುವಾಗ ಅಜ್ಜಿ ಒಂದು ಮಾತು ಹೇಳಿದರು. ನಮ್ಮ ಅಜ್ಜ 50ನೆಯ ವಯಸ್ಸಿನಲ್ಲಿ ರಾತ್ರಿ ಮಲಗಿದವರು ಏಳಲಿಲ್ಲ. ‘ಪುಣ್ಯವಂತ, ಯಾರ ಕೈಯಲ್ಲೂ ಮಾಡಿಸಿಕೊಳ್ಳದೆ ಹೋದ’ ಎಂದೇ ನಾವು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇವೆ. ಆ ಸಾವು ಏನಿರಬಹುದೆಂದು ಯಾರೂ ಯೋಚಿಸಿರಲಿಲ್ಲ.

ನನ್ನ ತಂದೆಯವರಿಗೆ 58, ‘ನನಗೇನೂ ಆಗಿಲ್ಲ’ ಎನ್ನುತ್ತಿದ್ದವರನ್ನು ಅಜ್ಜಿಯೇ ಒಪ್ಪಿಸಿ ಪರೀಕ್ಷೆಗೆ ಕಳುಹಿಸಿದರು. ಎರಡು ಬೇರೆ ದಿನ ನೋಡಿದಾಗಲೂ ಬಿ.ಪಿ. 158/96ರ ಆಸುಪಾಸು, ಎಲ್‌ಡಿಎಲ್ 171. ನನಗೆ 34 ವರ್ಷ, ಎಲ್‌ಡಿಎಲ್ 148. ಚಿಕ್ಕಪ್ಪನ ಮಗ ಇನ್ನೂ 24ರ ಹುಡುಗ, ಅವನಿಗೂ ನೋಡಿಸಬೇಕೇ? ಚಿಕ್ಕಪ್ಪನವರು ‘ಸ್ಟೆಂಟ್ ಹಾಕಿದ್ದಾರೆ, ಬ್ಲಾಕ್ ಹೋಯಿತಲ್ಲ, ಆರು ಮಾತ್ರೆ ಯಾಕೆ’ ಎಂದು ಕೇಳುತ್ತಿದ್ದಾರೆ. ಹಾಗೆಯೇ, ನಮ್ಮ ಜನರಿಗೆ ಇದು ಇಷ್ಟು ಬೇಗ ಬರುವುದೇಕೆ?

ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ಚಿತ್ರದುರ್ಗ

ಕೊನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸುಮಾರು 53ನೆಯ ವಯಸ್ಸಿಗೆ, ಉಳಿದವರಿಗಿಂತ ಐದಾರು ವರ್ಷ ಮೊದಲು ಆಗುವುದು ಕಂಡುಬಂತು. ಕಾರಣಗಳು ಮಾತ್ರ ಎಲ್ಲರಿಗೂ ಇರುವಂಥವೇ, ನಮ್ಮಲ್ಲಿ ಅವು ಬೇಗ ಬಂದು ಸೇರಿಕೊಳ್ಳುತ್ತವೆ. ನಮ್ಮ ರಾಜ್ಯದ್ದೇ ಒಂದು ಅಧ್ಯಯನ ನನ್ನನ್ನು ಬಹಳ ಕಾಡಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಜನ ಮಿಷನ್ ಆಸ್ಪತ್ರೆಯೆಂದು ಕರೆಯುವುದು, 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದ ಮಕ್ಕಳ ತೂಕವನ್ನು ಬರೆದಿಟ್ಟಿತ್ತು. ದೊಡ್ಡವರಾದ ಆ ಮಕ್ಕಳಲ್ಲಿ 517 ಜನರನ್ನು ಹುಡುಕಿ ಪರೀಕ್ಷಿಸಿದ ಫಲ 1996ರಲ್ಲಿ ಪ್ರಕಟವಾಯಿತು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇಕಡ 11, 3.1 ಕಿಲೋ ಅಥವಾ ಹೆಚ್ಚು ತೂಗಿದವರಲ್ಲಿ ಶೇಕಡ 3ರಷ್ಟು ಮಂದಿಗೆ ಹೃದಯದ ಧಮನಿಯ ಕಾಯಿಲೆಯಿತ್ತು. ಬರಗಾಲದ ನಾಡಿನವನಾದ ನನಗೆ ಆ ಅಂಕಿಗಳಲ್ಲಿ ಅರೆಹೊಟ್ಟೆಯಲ್ಲಿ ಬಸುರಿಯಾಗಿದ್ದ ತಾಯಂದಿರು ಕಾಣುತ್ತಾರೆ. ಗರ್ಭದಲ್ಲಿ ಕೊರತೆಗೆ ಒಗ್ಗಿಕೊಂಡ ದೇಹಕ್ಕೆ ಮುಂದೆ ಕುಳಿತ ಕೆಲಸವೂ ತುಂಬಿದ ತಟ್ಟೆಯೂ ಸಿಕ್ಕಿದರೆ ಅದು ತಡೆದುಕೊಳ್ಳಲಾರದು ಎಂದು ಈ ಕ್ಷೇತ್ರದ ವಿದ್ವಾಂಸರು ವಿವರಿಸುತ್ತಾರೆ.

ವೈದ್ಯೆ, ದಾವಣಗೆರೆ

ಚಿಕ್ಕಪ್ಪನ ಮಗನಿಗೆ ಖಂಡಿತ ನೋಡಿಸಿ. ತಂದೆಗೆ 55ರೊಳಗೆ ಹೃದಯಾಘಾತವಾಗಿದ್ದರೆ ಮಕ್ಕಳ ಮಟ್ಟಿಗೆ ಅದೊಂದು ಪ್ರತ್ಯೇಕ ಅಪಾಯದ ಅಂಶ, ನಿಮ್ಮ ತಂದೆಯವರಿಗೂ ಒಡಹುಟ್ಟಿದವರ ಕಡೆಯಿಂದ ಅದು ಅನ್ವಯಿಸುತ್ತದೆ. ಎಲ್‌ಡಿಎಲ್‌ನಂಥದೇ ಇನ್ನೊಂದು ಕಣವಾದ ಲೈಪೋಪ್ರೋಟೀನ್ (ಎ)ಯ ರಕ್ತಪರೀಕ್ಷೆಯನ್ನೂ ಎಲ್ಲರೂ ಒಮ್ಮೆ ಮಾಡಿಸಿ. ಅದರ ಪ್ರಮಾಣ ಬಹುಪಾಲು ಹುಟ್ಟಿನಿಂದಲೇ ನಿರ್ಧಾರವಾಗಿರುವುದರಿಂದ ಮತ್ತೆ ಮತ್ತೆ ಮಾಡಿಸಬೇಕಾಗಿಲ್ಲ. ನಿಮ್ಮ 148ಕ್ಕೆ ಈಗಲೇ ಮಾತ್ರೆ ಬೇಕೋ ಬೇಡವೋ ಎಂಬುದನ್ನು ನಿಮ್ಮನ್ನು ಕೂರಿಸಿ ನೋಡಿದ ವೈದ್ಯರೇ ಹೇಳಬೇಕು. ತಂದೆಯವರ ವಿಷಯದಲ್ಲಿ ತಡಮಾಡಬೇಡಿ.

ಚಿಕ್ಕಪ್ಪನವರ ಪ್ರಶ್ನೆ ನ್ಯಾಯವಾದದ್ದು. ಸ್ಟೆಂಟ್ ಎರಡು ಮೂರು ಸೆಂಟಿಮೀಟರ್ ಉದ್ದದ ಒಂದು ಜಾಲರಿ, ಕುಸಿದ ಜಾಗಕ್ಕೆ ಕೊಟ್ಟ ಆಸರೆ. ಕಾಯಿಲೆ ಎಲ್ಲ ನಾಳಗಳ ಗೋಡೆಯಲ್ಲೂ ಇದೆ. ಅದೇ ಕಾಯಿಲೆ ಕತ್ತಿನ ನಾಳದಲ್ಲಿ ಬೆಳೆದರೆ ಲಕ್ವ, ಕಾಲಿನಲ್ಲಿ ಬೆಳೆದರೆ ನಡೆಯುವಾಗ ಮೀನಖಂಡದ ನೋವು. ಹೆಪ್ಪುಗಟ್ಟದಂತೆ ತಡೆಯುವ ಎರಡು ಮಾತ್ರೆಗಳು ಜಾಲರಿಯೊಳಗೆ ಹೊಸ ಹೆಪ್ಪು ಕೂರದಂತೆ ಕಾಯುತ್ತವೆ. ಸಾಮಾನ್ಯವಾಗಿ ಒಂದು ವರ್ಷ ಎರಡೂ ಬೇಕು, ಆಮೇಲೆ ಒಂದು ಮುಂದುವರಿಯುತ್ತದೆ. ಹಲ್ಲು ಕೀಳಿಸಲು ಹೋದಾಗ ಕೂಡ ಹೃದಯದ ವೈದ್ಯರನ್ನು ಕೇಳದೆ ಅವನ್ನು ನಿಲ್ಲಿಸಬಾರದು, ಹಾಗೆ ನಿಲ್ಲಿಸಿ ಮತ್ತೆ ನಾಳ ಮುಚ್ಚಿಕೊಂಡು ಬಂದವರನ್ನು ನಾನು ಕಂಡಿದ್ದೇನೆ. ಸ್ಟ್ಯಾಟಿನ್ ಎಲ್‌ಡಿಎಲ್ ಇಳಿಸುವುದರ ಜೊತೆಗೆ ಉಳಿದ ಪ್ಲಾಕ್‌ಗಳ ಒಳಗಿನ ಉರಿಯೂತ ತಗ್ಗಿಸಿ ಮುಚ್ಚಳಗಳನ್ನು ಗಟ್ಟಿಗೊಳಿಸುತ್ತದೆ. ಎಲ್‌ಡಿಎಲ್ ಪ್ರತಿ 39 ಮಿಲಿಗ್ರಾಂ ಇಳಿದಾಗಲೂ ಹೃದಯಾಘಾತ, ಲಕ್ವದಂಥ ದೊಡ್ಡ ಅವಘಡಗಳು ಐದರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಗುವುದು ಲಕ್ಷಕ್ಕೂ ಹೆಚ್ಚು ಜನರ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಚಿಕ್ಕಪ್ಪನವರ ಎಲ್‌ಡಿಎಲ್ 55ಕ್ಕಿಂತ ಕೆಳಗಿರಬೇಕು. ಮಿಕ್ಕ ಮಾತ್ರೆಗಳು ದಣಿದ ಹೃದಯದ ಹೊರೆಯನ್ನು ಇಳಿಸಲು, ಅದು ಬಲೂನಿನಂತೆ ಹಿಗ್ಗಿಹೋಗದಂತೆ ತಡೆಯಲು. ಅವುಗಳಿಂದಲೇ 38 ಮೇಲೇರುವ ಭರವಸೆಯಿದೆ.

ಮೈಕೈ ನೋವು ಬಂದರೆ ಮಾತ್ರೆ ಬಿಡುವ ಮೊದಲು ವೈದ್ಯರಿಗೆ ತಿಳಿಸಲಿ. ಬೇರೆ ಸ್ಟ್ಯಾಟಿನ್‌ಗೆ ಬದಲಾಯಿಸಬಹುದು, ಪ್ರಮಾಣ ಹೊಂದಿಸಬಹುದು, ಜೊತೆಗೆ ಬೇರೆ ಬಗೆಯ ಮಾತ್ರೆಯನ್ನೂ ಸೇರಿಸಬಹುದು.

ಮಂಡಿಪೇಟೆ ಓದುಗ, ದಾವಣಗೆರೆ

ಇದನ್ನು ಚಿಕ್ಕಪ್ಪನವರಿಗೇ ಫೋನ್‌ನಲ್ಲಿ ತೋರಿಸಿದೆ, ಎರಡು ಸಲ ಓದಿದರು. ಮಾತ್ರೆಗಳ ಹೆಸರನ್ನೂ ಹೊತ್ತನ್ನೂ ಅಂಗಡಿಯ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ತಾವೇ ಬರೆದುಕೊಂಡಿದ್ದಾರೆ. ತಂದೆಯವರು ನಿನ್ನೆಯಿಂದ ಬಿ.ಪಿ. ಮಾತ್ರೆ ಆರಂಭಿಸಿದರು. ಚಿಕ್ಕಪ್ಪನ ಮಗನ ರಕ್ತಪರೀಕ್ಷೆ ಸೋಮವಾರ. ಮುಂದಿನ ಎಕೋ ದಸರಾ ಕಳೆದ ಮೇಲೆ ಇದೆ, ಪಂಪಿಂಗ್ ಎಷ್ಟು ಬಂತೆಂದು ಇಲ್ಲಿಯೇ ಬರೆಯುತ್ತೇನೆ.